ಟಿಕೆಟ್ ಆಮೇಲೆ ತೆಗೆಯೋಣ, ಮಗಳೇ

ಉಡುಪಿ
ಆಟಿ ತಿಂಗಳು, ಬೆಳಗಿನ ಜಾವ

ಪ್ರೀತಿಯ ಮಗಳೇ,

ಭಾನುವಾರ ಮಾತಿನ ನಡುವೆಯೇ ನೀನು ಫೋನ್ ಇಟ್ಟುಬಿಟ್ಟೆ. ಅಳು ಬಂದಿದೆ ಎಂದು ಗೊತ್ತಾಯಿತು, ಅದಕ್ಕೇ ನಾನು ಮತ್ತೆ ಕರೆ ಮಾಡಲಿಲ್ಲ. ಅಪ್ಪ ಅಂದು ಊಟಕ್ಕೆ ಕುಳಿತವರು ಅರ್ಧಕ್ಕೇ ಎದ್ದರು. ಬಾಯಲ್ಲಿ ಹೇಳಲು ಹೋದರೆ ನನಗೂ ಗಂಟಲು ಕಟ್ಟುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ದತ್ತು ಮಗುವನ್ನು ಕರೆದೊಯ್ಯಲು ಒಡಿಶಾಕ್ಕೆ ಬರಲೆಂದು ನೀವಿಬ್ಬರೂ ಎರಡು ಸಲ ಟಿಕೆಟ್ ತೆಗೆದಿರಿ, ಎರಡು ಸಲವೂ ರದ್ದು ಮಾಡಿದಿರಿ. ದತ್ತು ವಿಚಾರ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಕಾರಾದ ನಿರಾಕ್ಷೇಪಣಾ ಪತ್ರ ಬಂದ ದಿನ ನಾವೆಲ್ಲ ಕ್ಯಾಲೆಂಡರ್ ಮುಂದೆ ಕುಳಿತು ದಿನ ಎಣಿಸಿದ್ದೆವು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಬೇಗ ಆಗಲಿ ಎಂದೇ ತಂದ ಬದಲಾವಣೆ ಅದು, ಎರಡು ತಿಂಗಳೊಳಗೆ ಆಗಬೇಕೆಂದು ನಿಯಮವೂ ಇದೆ. ಆದರೆ ಆ ಮೇಜಿನ ಮೇಲೆ ನೆರೆ, ಚುನಾವಣೆ, ಜಮೀನಿನ ತಕರಾರು ಎಲ್ಲವೂ ಬಂದು ಬೀಳುತ್ತವೆ. ಮದುವೆಯ ಪ್ರಮಾಣಪತ್ರದಲ್ಲಿ ನಿನ್ನ ಹೆಸರಿಗೆ ಒಂದು ಅಕ್ಷರ ಹೆಚ್ಚಾಯಿತೆಂದು ಕಡತ ಹಿಂದೆ ಬಂದಾಗ ನನಗೂ ಸಿಟ್ಟು ಬಂದಿತ್ತು. ಒಂದು ಅಕ್ಷರಕ್ಕೆ ಆರು ವಾರ! ಮಗುವನ್ನು ಕೊಡುವ ಮುನ್ನ ನೂರು ಸಲ ನೋಡಲಿ, ಬೇಡವೆನ್ನುವುದಿಲ್ಲ. ಆದರೆ ನೋಡದೆ ಸುಮ್ಮನೆ ಇಟ್ಟುಕೊಂಡರೆ ಅದು ಎಚ್ಚರಿಕೆ ಅಲ್ಲ, ಉದಾಸೀನ. ಸಿಟ್ಟಾಗುವ ಹಕ್ಕು ನಿನಗಿದೆ.

ಈಗ ನೀನು ಹೇಳಿದ ವಿಷಯಕ್ಕೆ ಬರುತ್ತೇನೆ. ಮುಚ್ಚಳಿಕೆ ಬರೆದುಕೊಟ್ಟರೆ ಆದೇಶ ಬರುವ ಮೊದಲೇ ಮಗುವನ್ನು ಭಾರತದೊಳಗೆ ನಿಮ್ಮ ಬಳಿ ಇಟ್ಟುಕೊಳ್ಳಲು ಅವಕಾಶ ಇದೆ, ಹಾಗಾಗಿ ಈಗಲೇ ಬಂದು ಅವಳನ್ನು ಕರೆದುಕೊಂಡು ಉಡುಪಿಯಲ್ಲಿ ಇರುತ್ತೇನೆ ಎಂದೆ. ಕೇಳಿದ ಕೂಡಲೇ ನನ್ನ ಎದೆ ತುಂಬಿತು. ಆ ರಾತ್ರಿ ನಿನ್ನ ಕೋಣೆಯ ಮಂಚಕ್ಕೆ ಹೊಸ ಹಾಸಿಗೆ ಬಟ್ಟೆಯನ್ನೂ ಹಾಸಿಬಿಟ್ಟೆ. ಬೆಳಗಾಗುವಾಗ ಬೇರೆ ಯೋಚನೆ ಬಂತು. ಅಲ್ಲಿ ಕೆಲಸದಿಂದ ನಿನಗೆ ಸಿಗುವುದು ಸಂಬಳವಿಲ್ಲದ 12 ವಾರದ ರಜೆ. ಆದೇಶ ಬಂದ ಮೇಲೂ ಅದರ ದೃಢೀಕೃತ ಪ್ರತಿ ಬೇಕು, ಜನನ ಪ್ರಮಾಣಪತ್ರ ಬೇಕು, ಮಗುವಿನ ಪಾಸ್‌ಪೋರ್ಟ್ ಬೇಕು, ಕಾರಾದ ಇನ್ನೊಂದು ಪತ್ರ ಬೇಕು, ಕೊನೆಗೆ ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ, ವೀಸಾ. ಅಷ್ಟರಲ್ಲಿ ರಜೆ ಮುಗಿದರೆ? ಮೂರು ವರ್ಷದ ಮಗು ಎರಡು ತಿಂಗಳು ನಿನ್ನ ಪಕ್ಕದಲ್ಲಿ ಮಲಗಿ ಅಭ್ಯಾಸವಾದ ಮೇಲೆ, ಅವಳನ್ನು ಮತ್ತೆ ಆ ಶಿಶುಗೃಹದ ಬಾಗಿಲಲ್ಲಿ ಒಪ್ಪಿಸಿ ನೀನು ವಿಮಾನ ಹತ್ತಬೇಕಾದೀತು. ಒಮ್ಮೆ ಯಾರೋ ಬಿಟ್ಟು ಹೋದದ್ದು ಅವಳಿಗೆ ನೆನಪಿರಲಿಕ್ಕಿಲ್ಲ. ಇದು ನೆನಪಿರುತ್ತದೆ. ಈ ಕಾರಣಕ್ಕೇ ಬೇಡ ಎನ್ನುತ್ತಿದ್ದೇನೆ. ನನಗೆ ಅವಳನ್ನು ನೋಡುವ ಆಸೆ ಇಲ್ಲವೆಂದು ದಯವಿಟ್ಟು ತಿಳಿಯಬೇಡ.

ಆ ವಾರಗಳು ಅವಳು ನಿಮ್ಮ ಮನೆಗೆ ಬಂದ ಮೇಲೆ ಬೇಕು. ಕಾಯುವುದಕ್ಕೆ ಅವನ್ನು ಕಳೆಯಬೇಡ.

ಆದೇಶದ ಪ್ರತಿ ಕೈಗೆ ಬಂದ ದಿನ ಟಿಕೆಟ್ ತೆಗೆಯಿರಿ. ಸ್ವಲ್ಪ ದುಡ್ಡು ಹೆಚ್ಚಾದರೂ ದಿನಾಂಕ ಬದಲಿಸಲು ಬರುವಂಥದ್ದೇ ಇರಲಿ, ಹಿಂದಿರುಗುವ ಟಿಕೆಟ್ಟಂತೂ ವೀಸಾ ಆಗುವ ತನಕ ಗಟ್ಟಿ ಮಾಡಬೇಡಿ. ಎರಡು ವರ್ಷ ದಾಟಿದ ಮಗುವಿಗೆ ವಿಮಾನದಲ್ಲಿ ಬೇರೆಯೇ ಆಸನ ಬೇಕು, ಮರೆಯಬೇಡಿ. ಅಪ್ಪನಿಗೆ ರೈಲಿನಲ್ಲೇ ಹೋಗುವ ಆಸೆ. ಆದರೆ ಮಳೆಗಾಲದ ವೇಳಾಪಟ್ಟಿಯಲ್ಲಿ ಕೊಂಕಣ ರೈಲು ನಿಧಾನ, ಮೊದಲಿನಂತೆ 120 ದಿನ ಮುಂಚೆ ಕಾದಿರಿಸಲೂ ಆಗುವುದಿಲ್ಲ, ಈಗ 60 ದಿನ ಮಾತ್ರ. ನಾವಿಬ್ಬರು ಬಜಪೆಯಿಂದ ಬೆಂಗಳೂರಿಗೆ, ಅಲ್ಲಿಂದ ಭುವನೇಶ್ವರಕ್ಕೆ ವಿಮಾನದಲ್ಲೇ ಬರುತ್ತೇವೆ.

ಶಿಶುಗೃಹದವರು ಮೊನ್ನೆ ಕಳುಹಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆಯಾ? ನೀನು ಕಳುಹಿಸಿದ ಬಟ್ಟೆಯ ಆನೆಯನ್ನು ಅವಳು ಸೊಂಡಿಲು ಹಿಡಿದು ತಲೆಕೆಳಗಾಗಿ ನೇತಾಡಿಸಿಕೊಂಡಿದ್ದಾಳೆ. ಹಿಂದಿನ ಕಿಟಕಿಯ ಸರಳಿಗೆ ಒರಗಿಸಿಟ್ಟಿರುವುದು ನಮ್ಮೆಲ್ಲರ ಫೋಟೋ ಇರುವ ಆಲ್ಬಮ್. ಅದರ ಒಂದು ಮೂಲೆ ಮುದುಡಿದೆ. ಯಾರೋ ದಿನಾ ತೆಗೆದು ತೋರಿಸದೆ ಹಾಗೆ ಮುದುಡುವುದಿಲ್ಲ. ಅದನ್ನು ನೋಡಿದ ಮೇಲೆ ನನ್ನ ಮನಸ್ಸು ಎಷ್ಟೋ ಹಗುರವಾಯಿತು.

ನಾನು ಒಡಿಯಾ ಕಲಿಯುತ್ತಿದ್ದೇನೆ. ನೀರಿಗೆ ಪಾಣಿ, ಅನ್ನಕ್ಕೆ ಭಾತ, ಬಾ ಎನ್ನುವುದಕ್ಕೆ ಆಸ. ನೀವಿಬ್ಬರೂ ಕಲಿಯಿರಿ. ಮೊದಲ ರಾತ್ರಿ ಬಾಯಾರಿ ಎದ್ದ ಮಗು ನಿಮ್ಮ ಹತ್ತಿರ ಇಂಗ್ಲಿಷಿನಲ್ಲಿ ನೀರು ಕೇಳುವುದಿಲ್ಲ. ಊಟದ ಚಿಂತೆ ನನಗಿಲ್ಲ. ಅಲ್ಲಿಯವರ ಪಖಾಳ ಎಂದರೆ ಅನ್ನಕ್ಕೆ ನೀರು ಹಾಕಿಟ್ಟು ಮರುದಿನ ಉಣ್ಣುವುದು, ನಮ್ಮ ಅಜ್ಜಿ ಉಣ್ಣುತ್ತಿದ್ದದ್ದೂ ಅದನ್ನೇ.

ಹೆಸರಿನ ಆ ಅಕ್ಷರದ ಬಗ್ಗೆ ಅಫಿಡವಿಟ್ ಸಹಿ ಮಾಡಿ ಕಳುಹಿಸಿದೆಯಾ? ಅಳಿಯಂದಿರಿಗೂ ಓದಿ ಹೇಳು. ಶನಿವಾರ ರಾತ್ರಿ ಊಟವಾದ ಮೇಲೆ ಫೋನ್ ಮಾಡು, ಇಲ್ಲಿ ಭಾನುವಾರ ಬೆಳಗ್ಗೆ ಆಗಿರುತ್ತದೆ. ಅಪ್ಪ ಆರು ಗಂಟೆಯಿಂದಲೇ ಫೋನ್ ಪಕ್ಕದಲ್ಲಿ ಕುಳಿತಿರುತ್ತಾರೆ.

ನಿನ್ನ,
ಅಮ್ಮ