ಮಾಡೆಲ್ ಹೆಸರು ಸಾಲದು, ಪ್ಯಾನ್‌ನ ಅಚ್ಚು ಬೇಕು: ಸೀಟ್ ಕವರ್ ಆರ್ಡರ್‌ನಲ್ಲಿ ಬದಲಾವಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ಜುಲೈ 1ರಿಂದ ಟ್ರಯಂಫ್, ಬಿಎಸ್‌ಎ, ನಾರ್ಟನ್, ಮ್ಯಾಚ್‌ಲೆಸ್, ಏರಿಯಲ್ ಎಂಬ ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್ ಗಾಡಿಗಳ ಡ್ಯುಯಲ್ ಸೀಟಿಗೆ (ಇಬ್ಬರು ಕೂರುವ ಉದ್ದ ಸೀಟು) ಮಾಡೆಲ್ ಹೆಸರು, ಇಸವಿ ಕೇಳಿಕೊಂಡು ಕವರ್ ಹೊಲಿದುಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಪ್ರತಿ ಆರ್ಡರಿನ ಜೊತೆ ಸೀಟ್ ಪ್ಯಾನ್‌ನ (ಸೀಟಿನ ತಳದ ತಗಡು) ಕಾಗದದ ಅಚ್ಚು, ಐದು ಅಳತೆ, ಮತ್ತು ಇದ್ದರೆ ಹರಿದ ಹಳೆಯ ಕವರ್ ಬೇಕು. ಪ್ಯಾನನ್ನೇ ಕಳಿಸಿದರೆ ಇನ್ನೂ ಒಳ್ಳೆಯದು. ದರ ಹಿಂದಿನದೇ. ಆದರೆ ಸ್ಟಾಕಿನಿಂದ ಎರಡು ದಿನದಲ್ಲಿ ಕಳಿಸುತ್ತಿದ್ದ ಕವರಿಗೆ ಇನ್ನು ಮೂರು ವಾರ ಹಿಡಿಯುತ್ತದೆ. ಇದು ಕೆಲವರಿಗೆ ತೊಂದರೆ ಎಂದು ಗೊತ್ತು. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇವೆ.

ಗಾಡಿಯ ಹೆಸರು ಸೀಟಿನ ಆಕಾರವನ್ನು ಹೇಳುವುದಿಲ್ಲ. ಟ್ರಯಂಫ್ ಬಾನ್‌ವಿಲ್ ಬಂದದ್ದು 1959ರಲ್ಲಿ. 1963ಕ್ಕೆ ಎಂಜಿನ್ನು ಗೇರ್‌ಬಾಕ್ಸು ಒಂದೇ ಕೇಸಿಗೆ ಬಂದವು, ಚಾಸಿ ಬದಲಾಯಿತು. 1971ರಲ್ಲಿ ಚಾಸಿಯೊಳಗೇ ಆಯಿಲ್ ತುಂಬುವ ಮಾದರಿ ಬಂತು, ಸೀಟು ಮತ್ತೆ ಬೇರೆಯಾಯಿತು. ಮೂರಕ್ಕೂ ಹೆಸರು ಒಂದೇ. ನಾರ್ಟನ್ ಕಮಾಂಡೋದಲ್ಲಿ ಇಂಟರ್‌ಸ್ಟೇಟ್ ಮಾದರಿಯ ಟ್ಯಾಂಕ್ ದೊಡ್ಡದು, ಹಾಗಾಗಿ ಸೀಟು ಗಿಡ್ಡ. ರೋಡ್‌ಸ್ಟರ್ ಕವರ್ ಅದಕ್ಕೆ ಕೂರದು. ಫಾಸ್ಟ್‌ಬ್ಯಾಕ್‌ನ ಸೀಟಿಗೆ ಟ್ಯಾಂಕನ್ನು ಎರಡು ಕಡೆಯಿಂದ ತಬ್ಬುವ ಕಿವಿಗಳಿವೆ, ಅದರ ಕಟಿಂಗೇ ಬೇರೆ. ಫೆದರ್‌ಬೆಡ್ ಎಂಬ ಚಾಸಿಯ ನಾರ್ಟನ್ ಡಾಮಿನೇಟರ್‌ಗಳಲ್ಲೂ ಹೀಗೇ: 1960ರಲ್ಲಿ ಬಂದ ಸ್ಲಿಮ್‌ಲೈನ್‌ನ ಸೀಟು ಮುಂದೆ, ತೊಡೆ ತಾಗುವ ಕಡೆ, ಹಿಂದಿನ ವೈಡ್‌ಲೈನ್‌ಗಿಂತ ಸಪೂರ.

ಇಸವಿಯೂ ಕೈಕೊಡುತ್ತದೆ. ನಮ್ಮ ಕಡೆಯ ಎಷ್ಟೋ ಗಾಡಿಗಳು ಎರಡನೆಯ ಮಹಾಯುದ್ಧದ ನಂತರ ಸೈನ್ಯದ ವಿಲೇವಾರಿಯಲ್ಲಿ ಬಂದವು. ಅವುಗಳ ಆರ್‌ಸಿಯಲ್ಲಿರುವುದು ನೋಂದಣಿಯ ಇಸವಿ, ಕಾರ್ಖಾನೆಯಿಂದ ಹೊರಬಿದ್ದ ಇಸವಿಯಲ್ಲ. 1969ರಿಂದೀಚಿನ ಟ್ರಯಂಫ್, ಬಿಎಸ್‌ಎ ಆದರೆ ಚಾಸಿ ನಂಬರಿನ ಮೊದಲ ಎರಡು ಅಕ್ಷರ ನೋಡಿ: ಮೊದಲನೆಯದು ತಿಂಗಳು, ಎರಡನೆಯದು ಮಾಡೆಲ್ ವರ್ಷ. ‘ಕೆಡಿ’ ಎಂದಿದ್ದರೆ 1970ರ ಮಾಡೆಲ್, ಆದರೆ ತಯಾರಾದದ್ದು 1969ರ ಸೆಪ್ಟೆಂಬರ್‌ನಲ್ಲಿ. ಇಷ್ಟು ಗೊತ್ತಾದರೂ ಗೊತ್ತಾಗುವುದು ಚಾಸಿಯ ಜಾತಕ ಮಾತ್ರ. ಐವತ್ತು ವರ್ಷದಲ್ಲಿ ಸೀಟು ಎಷ್ಟು ಸಲ ಬದಲಾಗಿದೆಯೋ, ಯಾವ ಟಿಂಕರಿಂಗ್ ಶೆಡ್ಡಿನಲ್ಲಿ ಹೊಸ ತಗಡು ಬಡಿದು ಕೂರಿಸಿದ್ದಾರೋ ನಂಬರು ಹೇಳುವುದಿಲ್ಲ. ಬಡಿದು ಮಾಡಿದ ಪ್ಯಾನ್ ಅಸಲಿಗಿಂತ 10 ಮಿ.ಮೀ. ಅಗಲವಿದ್ದರೂ ಸಾಕು, ಪೈಪಿಂಗ್ (ಹೊಲಿಗೆಯ ಗುಂಟ ಬರುವ ದುಂಡು ಅಂಚು) ಅಂಚಿಗೆ ಕೂರದೆ ಮೇಲಕ್ಕೆ ಹತ್ತಿ ಅಲೆಅಲೆಯಾಗಿ ಕಾಣುತ್ತದೆ. ಆಮೇಲೆ ಎಷ್ಟು ಎಳೆದರೂ ಅದು ಸರಿಹೋಗದು.

ಅಚ್ಚು ತೆಗೆಯುವ ಬಗೆ ಇದು. ಕವರ್, ಫೋಮ್ ಎರಡನ್ನೂ ತೆಗೆದು ಪ್ಯಾನನ್ನು ಬರಿದು ಮಾಡಿ. ಸೊಟ್ಟಗಾಗಿದ್ದರೆ ಮೊದಲು ನೇರ ಮಾಡಿಸಿ. ತಿರುಚಿದ ಪ್ಯಾನ್‌ನ ಅಚ್ಚಿಗೆ ತಿರುಚಿದ ಕವರೇ ಬರುತ್ತದೆ. ಸಮತಟ್ಟಾದ ಮೇಜಿನ ಮೇಲೆ ದಪ್ಪ ಕಂದು ಕಾಗದ ಹಾಸಿ, ಪ್ಯಾನನ್ನು ಗಾಡಿಯ ಮೇಲೆ ಕೂರುವ ಹಾಗೆಯೇ ಇಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಪ್ರತಿ ಪಕ್ಕದಲ್ಲೂ ಎರಡು ಮೂರು ಮಿ.ಮೀ. ಕಳೆದುಹೋಗುತ್ತದೆ. ಮೂತಿಯಿಂದ (ಸೀಟಿನ ಮುಂತುದಿ) ಬಾಲದವರೆಗೆ (ಹಿಂತುದಿ) ನಡುಗೆರೆ, ಹಿಂಜ್‌ನ ಜಾಗ, ಹಿಂದಿನವರು ಹಿಡಿಯುವ ಪಟ್ಟಿಯ ಬೋಲ್ಟ್ ತೂತು ಗುರುತಿಸಿ. ಟ್ರಯಂಫ್‌ನ ಸೀಟು ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ಎಡ ಬಲ ಬರೆಯುವುದನ್ನು ಮರೆಯಬೇಡಿ. ಕೊನೆಗೆ ಕಾಗದದ ಮೂಲೆಯಲ್ಲಿ ಸ್ಕೇಲ್ ಇಟ್ಟು ಸರಿಯಾಗಿ 300 ಮಿ.ಮೀ. ಗೆರೆ ಎಳೆದು ಬಿಡಿ. ಕಾಗದ ತೇವಕ್ಕೆ ಹಿಗ್ಗಿದ್ದರೆ ನಮಗೆ ಅದರಿಂದ ತಿಳಿಯುತ್ತದೆ. ಫೋನಿನಲ್ಲಿ ತೆಗೆದ ಫೋಟೊ ಅಚ್ಚಿಗೆ ಬದಲಿಯಲ್ಲ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಬೀಳುವುದರಿಂದ ಅದರ ಮೇಲೆ ಕತ್ತರಿ ಆಡಿಸಲಾಗದು.

ಐದು ಅಳತೆ ತೆಗೆಯಬೇಕಾದ್ದು ಫೋಮ್ ಕೂರಿಸಿದ ಮೇಲೆ, ಬಟ್ಟೆಯ ಟೇಪಿನಿಂದ. ಮೂತಿಯಿಂದ 50 ಮಿ.ಮೀ. ಹಿಂದೆ, ತೀರಾ ಸಪೂರ ಇರುವಲ್ಲಿ, ತೀರಾ ಅಗಲ ಇರುವಲ್ಲಿ, ಬಾಲದಿಂದ 50 ಮಿ.ಮೀ. ಮುಂದೆ: ಈ ನಾಲ್ಕು ಕಡೆ ಒಂದು ಅಂಚಿನಿಂದ ಮೇಲೆ ಹಾಯಿಸಿ ಇನ್ನೊಂದು ಅಂಚಿಗೆ. ಐದನೆಯದು ಮೂತಿಯಿಂದ ಬಾಲಕ್ಕೆ ಉದ್ದುದ್ದ. ಟೇಪನ್ನು ಅದುಮಬೇಡಿ. ಫೋಮ್ ಸ್ವಲ್ಪ ಒತ್ತಿ ಕೂರಲಿ ಎಂದು ಅಡ್ಡಳತೆಯಲ್ಲಿ 10 ಮಿ.ಮೀ. ನಾವೇ ಕಡಿಮೆ ಇಟ್ಟು ಹೊಲಿಯುತ್ತೇವೆ. ನೀವೂ ಬಿಗಿ ಹಿಡಿದರೆ ಕವರ್ ಅಂಚಿನವರೆಗೆ ಬರುವುದೇ ಇಲ್ಲ. ಹಳೆಯ ಲೇಟೆಕ್ಸ್ ಫೋಮ್ ಹಳದಿ ಪುಡಿಯಾಗಿ ಉದುರುತ್ತಿದ್ದರೆ ಅದರ ಮೇಲೆ ಅಳೆಯಬೇಡಿ, ಹಾಗೆಂದು ಬರೆದು ಕಳಿಸಿ. ಕೆಳಗೆ ಗಟ್ಟಿ ರೀಬಾಂಡ್ (ಫೋಮ್ ಚೂರುಗಳನ್ನು ಒತ್ತಿ ಮಾಡಿದ್ದು), ಮೇಲೆ 40 ಡೆನ್ಸಿಟಿ ಫೋಮ್ ಇಟ್ಟು ನಾವೇ ಕತ್ತರಿಸಿ ಕೊಡುತ್ತೇವೆ.

ಹರಿದ ಕವರ್ ಕೇಳುವುದು ಅಳತೆಗಲ್ಲ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಬಿಸಿಲಿಗೆ ಹೊರಟುಹೋಗಿ, ಕವರ್ ಬಿರುಸಾಗಿ ಕುಗ್ಗಿರುತ್ತದೆ. ಅದನ್ನೇ ಬಿಚ್ಚಿ ಪ್ಯಾಟರ್ನ್ ಮಾಡಿದರೆ ಹೊಸದೂ ಚಿಕ್ಕದಾಗುತ್ತದೆ. ನಮಗೆ ಬೇಕಾದ್ದು ಅದರ ಹೊಲಿಗೆ ಎಲ್ಲಿತ್ತು, ಪೈಪಿಂಗ್ ಯಾವ ಬಣ್ಣದ್ದು, ಮೇಲಿನ ಗೆರೆಗಳು ದಾರದವೋ ಬಿಸಿಯಲ್ಲಿ ಒತ್ತಿದವೋ ಎಂಬ ವಿವರ. ಅರವತ್ತರ ದಶಕದ ಟ್ರಯಂಫ್‌ಗಳ ಬೂದು ಮೇಲ್ಭಾಗ, ಕಪ್ಪು ಪಕ್ಕ, ಬಿಳಿ ಪೈಪಿಂಗ್ ಜೋಡಿಯನ್ನು ಹಾಗೆಯೇ ಉಳಿಸಬೇಕೆಂಬುದು ನಮ್ಮ ಆಸೆ. ಒತ್ತಿದ ಗೆರೆಗಳ ಬದಲು ದಾರದ ಗೆರೆ ಹಾಕಿಸಿಕೊಂಡರೆ ಪ್ರತಿ ಸೂಜಿ ತೂತೂ ಮಳೆನೀರಿನ ದಾರಿ ಎಂಬುದು ನೆನಪಿರಲಿ. ಅಂಥ ಕವರಿನ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಕಡ್ಡಾಯವಾಗಿ ಹಾಕಿ. ಅದರಿಂದ ಫೋಮ್ ನೆನೆಯುವುದಿಲ್ಲ, ಕವರೂ ಸಲೀಸಾಗಿ ಜಾರುತ್ತದೆ. (ನಾವೆಲ್ಲ ರೆಕ್ಸಿನ್ ಎನ್ನುವ ಹೆಸರೇ ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ಕಂಪನಿಯೊಂದರ ಬ್ರ್ಯಾಂಡ್ ಆಗಿತ್ತು. ಅಸಲಿ ರೆಕ್ಸಿನ್, ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಬಳಿದು ತೊಗಲಿನ ಗೆರೆ ಒತ್ತಿದ ಸರಕು. ಈಗ ಆ ಹೆಸರಿನಲ್ಲಿ ಸಿಗುವುದು ಪಿವಿಸಿ.)

ಎರಡನೆಯ ಬದಲಾವಣೆ ವಾಪಸಾತಿಯದು. ಪ್ಯಾನ್‌ನ ಹಲ್ಲಿಗೆ (ಕವರನ್ನು ಹಿಡಿಯಲು ಅಂಚಿನಲ್ಲಿರುವ ತಗಡಿನ ಮೊನೆಗಳು) ಒಮ್ಮೆ ಚುಚ್ಚಿದ ಕವರನ್ನು ಇನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಗ್ಲೂ ಡಬ್ಬ ತೆರೆಯುವ ಮುಂಚೆ ಇಪ್ಪತ್ತು ಬುಲ್‌ಡಾಗ್ ಕ್ಲಿಪ್ ತಂದಿಟ್ಟುಕೊಳ್ಳಿ. ತುಕ್ಕು ಕೆರೆದು ರೆಡ್ ಆಕ್ಸೈಡ್, ಅದರ ಮೇಲೆ ಪೇಂಟ್ ಹೊಡೆದು ಪ್ಯಾನ್ ಪೂರ್ತಿ ಒಣಗಿರಬೇಕು. ಫೋಮ್ ತಗಡಿನ ಅಂಚಿಗಿಂತ 5 ಮಿ.ಮೀ. ಹೊರಗೆ ಚಾಚಿರಲಿ, ಇಲ್ಲವಾದರೆ ತಗಡಿನ ಏಣು ಒಂದೇ ವರ್ಷದಲ್ಲಿ ಕವರನ್ನು ಒಳಗಿನಿಂದ ಕೊಯ್ಯುತ್ತದೆ. ಕವರನ್ನು ಅರ್ಧ ಗಂಟೆ ಬಿಸಿಲಲ್ಲಿ ಹಾಸಿ ಮೆತ್ತಗಾದ ಮೇಲೆ ಮೂತಿಯ ನಡುಗೆರೆಗೆ ಮೊದಲ ಕ್ಲಿಪ್, ಬಾಲದ ನಡುವಿಗೆ ಎರಡನೆಯದು. ಆಮೇಲೆ ಪಕ್ಕಗಳು, ನಡುವಿನಿಂದ ಹೊರಕ್ಕೆ, ಎಡಕ್ಕೊಂದು ಬಲಕ್ಕೊಂದು. ಒಂದೇ ಪಕ್ಕ ಮುಗಿಸಿ ಇನ್ನೊಂದಕ್ಕೆ ಹೋದರೆ ಪೈಪಿಂಗ್ ಒಂದು ಕಡೆಗೆ ವಾಲುತ್ತದೆ. ಮೂಲೆಗಳು ಕೊನೆಗೆ, ಅಲ್ಲಿ ಸುಕ್ಕು ಬಂದರೆ ಒಂದು ದೊಡ್ಡ ಮಡಿಕೆ ಬೇಡ, ನಾಲ್ಕೈದು ಸಣ್ಣ ನೆರಿಗೆಗಳಾಗಿ ಹಂಚಿ. ಮೋಡದ ದಿನವಾದರೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಹಿಡಿದರೆ ರೆಕ್ಸಿನ್ನಿನ ಗೆರೆ ಕರಗಿ ಹೊಳಪು ಕಲೆ ಬೀಳುತ್ತದೆ, ಅದು ಹೋಗುವುದೇ ಇಲ್ಲ. ಹೀಗೆ ಕ್ಲಿಪ್ಪಿನಲ್ಲೇ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗಾಡಿಯ ಮೇಲಿಟ್ಟು, ಟ್ಯಾಂಕಿಗೆ ಮೂತಿ ಉಜ್ಜುವುದೇ, ಹಿಂಜ್ ಮುಚ್ಚುವುದೇ ನೋಡಿ. ಸರಿಯಿಲ್ಲವೆನಿಸಿದರೆ ಈ ಹಂತದಲ್ಲಿ ಕಳಿಸಿಕೊಡಿ, ಬದಲಿಸಿ ಕೊಡುತ್ತೇವೆ.

ಸರಿಯಿದ್ದರೆ ಮಾತ್ರ ಹಲ್ಲು ಬಗ್ಗಿಸಿ. ಹಳೆಯ ಉಕ್ಕಿನ ಹಲ್ಲು ಎರಡು ಮೂರು ಸಲ ಬಗ್ಗಿದರೆ ಮುರಿಯುತ್ತದೆ. ಸಾಲಾಗಿ ಹಲವು ಹೋಗಿದ್ದರೆ 20 ಗೇಜ್ ತಗಡಿನಿಂದ ಹೊಸ ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿಸುವುದೇ ದಾರಿ, ಬರೀ ಗ್ಲೂ ನಂಬಬೇಡಿ. ಪಿವಿಸಿಯಿಂದ ಹೊರಬರುವ ಅದೇ ಎಣ್ಣೆಯಂಥ ಅಂಶ ಸಾಮಾನ್ಯ ರಬ್ಬರ್ ಗ್ಲೂವನ್ನು ದಿನ ಕಳೆದಂತೆ ಮೆತ್ತಗೆ ಮಾಡುತ್ತದೆ, ಬೇಸಿಗೆಯಲ್ಲಿ ಅಂಚು ಬಿಟ್ಟುಕೊಳ್ಳುತ್ತದೆ. ಗ್ಲೂ ಬಳಿಯುವುದು ಪ್ಯಾನ್‌ನ ಅಡಿಯ ಅಂಚಿಗೆ ಮಾತ್ರ, ಫೋಮ್‌ನ ಮೇಲ್ಮೈಗೆ ಬೇಡ. ಮೇಲೆ ಬಳಿದರೆ ಫೋಮ್ ಅಲ್ಲಲ್ಲಿ ಗಟ್ಟಿಯಾಗಿ ಕೂತವರಿಗೆ ಒತ್ತುತ್ತದೆ.

ಹಿಂದಿನವರು ಹಿಡಿಯುವ ಪಟ್ಟಿ ಮತ್ತು ಹಿಂಜ್ ಬೋಲ್ಟ್‌ಗಳ ಬಗ್ಗೆ ಒಂದು ಕಳಕಳಿಯ ಮಾತು. ಅವು ಹೆಚ್ಚಾಗಿ ಕಾಲು ಇಂಚಿನವು, ಅಂದರೆ 6.35 ಮಿ.ಮೀ., ಇಂಚಿಗೆ 26 ಥ್ರೆಡ್. ಅಂಗಡಿಯಲ್ಲಿ ಸಿಗುವ 6 ಮಿ.ಮೀ. ಬೋಲ್ಟಿಗೆ ಇಂಚಿಗೆ ಸುಮಾರು 25.4 ಥ್ರೆಡ್ ಬರುವುದರಿಂದ ಅದು ಸರಾಗವಾಗಿ ಒಳಗೆ ಹೋಗಿ ಹಿಡಿದ ಹಾಗೆ ಅನ್ನಿಸುತ್ತದೆ. ಬಿಗಿ ಮಾಡಿದೊಡನೆ ಅಸಲಿ ಥ್ರೆಡ್ಡನ್ನು ಕಿತ್ತುಹಾಕುತ್ತದೆ. ಹಿಂದೆ ಕೂತವರು ನೆಚ್ಚಿ ಹಿಡಿಯುವುದು ಆ ಪಟ್ಟಿಯನ್ನೇ. ಹಳೆಯ ಬೋಲ್ಟ್‌ಗಳನ್ನು ಜೋಪಾನ ಮಾಡಿ, ಕಳೆದಿದ್ದರೆ ನಮ್ಮಲ್ಲಿ ಕೇಳಿ.

ಬಿಎಸ್‌ಎ ಎಂ20, ನಾರ್ಟನ್ 16ಎಚ್‌ನಂಥ ಗಾಡಿಗಳ ಒಂಟಿ ಸ್ಪ್ರಿಂಗ್ ಸೀಟುಗಳಿಗೆ ಈ ನಿಯಮವಿಲ್ಲ. ಚೌಕಟ್ಟಿನ ಉದ್ದ, ಅಗಲ ತಿಳಿಸಿದರೆ ಸಾಕು. ಸ್ಪ್ರಿಂಗ್ ಹಾಗೂ ಕವರಿನ ನಡುವೆ 10 ಮಿ.ಮೀ. ಫೆಲ್ಟ್ ಹಾಸುವುದನ್ನು ಮಾತ್ರ ಬಿಡಬೇಡಿ. ಇಲ್ಲದಿದ್ದರೆ ಸ್ಪ್ರಿಂಗಿನ ಸುರುಳಿ ತೊಗಲಿನ ಮೇಲೆ ಮೂಡಿ, ಅಲ್ಲೇ ಸವೆದು ತೂತಾಗುತ್ತದೆ.

ಜೂನ್ 30ರೊಳಗೆ ಮುಂಗಡ ಕೊಟ್ಟವರ ಆರ್ಡರ್ ಹಳೆಯ ರೀತಿಯಲ್ಲೇ ನಡೆಯುತ್ತದೆ. ಅಚ್ಚು ಕಳಿಸಿದರೆ ಅದರಂತೆಯೇ ಹೊಲಿದುಕೊಡುತ್ತೇವೆ. ಅಚ್ಚಿನ ಕಾಗದವನ್ನು ಮಡಚಬೇಡಿ, ಮಡಿಕೆ ಬಿದ್ದಲ್ಲಿ ಗೆರೆ ಎರಡು ಮಿ.ಮೀ. ಸರಿಯುತ್ತದೆ. ಸುರುಳಿ ಸುತ್ತಿ ಪೈಪಿನಲ್ಲಿ ಹಾಕಿ, ಮೇಲೆ ನಿಮ್ಮ ಹೆಸರು, ಗಾಡಿಯ ಹೆಸರು, ಫೋನ್ ನಂಬರ್ ಬರೆದು ಕೊರಿಯರ್ ಮಾಡಿ.

ಇಂತಿ,
ಹೊಲಿಗೆ ಮತ್ತು ಫಿಟಿಂಗ್ ವಿಭಾಗ
ಬೆಂಗಳೂರು