ಕಬ್ಬಿಣ ಒಳಗೆ ಬರಬಾರದ ಕೋಣೆ

ವಿರಾಜಪೇಟೆ
ಸೆಪ್ಟೆಂಬರ್ 4

ಪ್ರೀತಿಯ ಮಗಳೇ,

ನಿನ್ನೆ ನಮ್ಮ ಆಯುಧದ ಹಬ್ಬ, ಕೈಲ್‌ಪೊಳ್ದ್. ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ, ಕತ್ತಿಗಳನ್ನೆಲ್ಲ ಒರೆಸಿಟ್ಟು ಪೂಜೆ ಮಾಡಿದೆವು. ಕಡಂಬುಟ್ಟು ತಿನ್ನುವಾಗ ಅಪ್ಪ ನಕ್ಕರು. "ನಾವಿಲ್ಲಿ ಕಬ್ಬಿಣಕ್ಕೆ ಕೈ ಮುಗಿಯೋದು, ಅವಳು ಅಲ್ಲಿ ಕಬ್ಬಿಣ ಕಂಡರೆ ಹೊರಗೆ ಓಡಿಸೋದು!"

ಎಂಆರ್‌ಐ ಅನ್ನೋ ದೊಡ್ಡ ಅಯಸ್ಕಾಂತದ ಮೆಷಿನ್ನಿನ ಚಿತ್ರ ನೋಡಿಕೊಂಡೇ ಕೀವು ತೆಗೆಯೋದು ಕಲಿಯುತ್ತಿದ್ದೀನಿ ಅಂತ ನೀನು ಅಂದಾಗಿಂದ ನನಗೂ ಅದೇ ಯೋಚನೆ. ಅಪ್ಪನ ಲಿವರ್‌ನಲ್ಲಿ ಕೀವು ಕಟ್ಟಿದಾಗ ಅಲ್ಟ್ರಾಸೌಂಡ್ ನೋಡಿಕೊಂಡೇ ತೆಗೆದರಲ್ವಾ? ಹೊಟ್ಟೆ ಕೊಯ್ಯಲಿಲ್ಲ. ಪಕ್ಕೆಲುಬಿನ ಸಂದಿಯಲ್ಲಿ ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ಜಾರಿಸಿ ಒಂದು ಟ್ಯೂಬು. ಒಳಗೆ ಹೋದ ಮೇಲೆ ಅದರ ತುದಿ ಹಂದಿ ಬಾಲದ ಹಾಗೆ ಸುರುಳಿ ಸುತ್ತುತ್ತದೆ, ಅದಕ್ಕೇ ಪಿಗ್‌ಟೇಲ್ ಅಂತಾರೆ ಅಂದಿದ್ದೆ. ಚೀಲಕ್ಕೆ ಇಳಿದದ್ದು ಡಿಕಾಕ್ಷನ್‌ಗೆ ನಾಲ್ಕು ಹನಿ ಹಾಲು ಬಿದ್ದ ಬಣ್ಣ. ಕಾಫಿ ತೋಟದವಳು ನಾನು, ಒಂದು ವಾರ ಕಾಫಿ ಮುಟ್ಟಲಿಲ್ಲ.

ಹಾಗಾದರೆ ಈ ದೊಡ್ಡ ಮೆಷಿನ್ ಯಾಕೆ ಅಂದಿದ್ದಕ್ಕೆ ನೀನು ಕೊಟ್ಟ ಉತ್ತರ ಸರಿ ಅನಿಸಿತು. ಜಾಸ್ತಿ ಜನಕ್ಕೆ ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಸಾಕು. ಅವುಗಳಲ್ಲಿ ಸರಿಯಾಗಿ ಕಾಣದಿದ್ದರೆ, ಇಲ್ಲಾ ಬಸುರಿಗೆ ಸಿಟಿಯ ಎಕ್ಸ್‌ರೇ ಬೇಡ ಅನಿಸಿದರೆ ಇದು. ಇದರಲ್ಲಿ ಕೀವು ಬೆಳ್ಳಗೆ ಹೊಳೆಯುವ ಹಾಗೆ ಚಿತ್ರ ತೆಗೆಯಬಹುದು. ಸೂಜಿ ಮಾತ್ರ ಕಪ್ಪು ಗೆರೆ, ಅದೂ ಇರೋದಕ್ಕಿಂತ ದಪ್ಪಗೆ. ಆ ದಪ್ಪದಲ್ಲಿ ತುದಿ ಎಲ್ಲಿದೆ ಅಂತ ಹುಡುಕೋದೇ ಕಷ್ಟ ಅಂದೆ. ಮಳೆಗಾಲದ ಮಂಜಿನಲ್ಲಿ ತೋಟದ ಗೇಟು ಹುಡುಕಿದ ಹಾಗಿರಬೇಕು.

ಮಾಮೂಲಿ ಉಕ್ಕಿನ ಸೂಜಿ ಆಗದು, ಟೈಟಾನಿಯಂ ಥರದ್ದೇ ಬೇಕು. ಉದ್ದನೆಯ ಲೋಹದ ತಂತಿಯಾದರೆ ಮೆಷಿನ್ನಿನ ರೇಡಿಯೋ ಅಲೆಗೆ ಕಾದು ಮೈ ಸುಡಬಹುದಂತೆ. ಮೆಷಿನ್ನಿನ ಅಯಸ್ಕಾಂತದ ಶಕ್ತಿ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತದ ಸುಮಾರು 30,000 ಪಟ್ಟು! ಚಿತ್ರ ತೆಗೆಯದೆ ಸುಮ್ನೆ ಇದ್ದಾಗಲೂ, ಕರೆಂಟು ಹೋದರೂ ಅದು ಎಳೆಯುತ್ತಲೇ ಇರುತ್ತದೆ ಅನ್ನೋದು ಕೇಳಿ ನನಗೆ ನಿದ್ದೆ ಬರಲಿಲ್ಲ. ಒಂದು ಮರ ಬಿದ್ದರೆ ಎರಡು ದಿನ ಎಲ್ಲ ನಿಂತುಹೋಗುವ ಊರು ನಮ್ಮದು.

ಒಂದು ಮಾತು. ಪೇಸ್‌ಮೇಕರ್ ಇದೆಯಾ, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ ಅಂತ ನೀವು ಕೇಳೇ ಕೇಳುತ್ತೀರಿ. ಕೊಡಗಿನವರು ಬಂದರೆ ಮೈಯಲ್ಲಿ ಕೋವಿಯ ಚರೆ ಇದೆಯಾ ಅಂತಲೂ ಕೇಳು. ನಿನ್ನ ದೊಡ್ಡಪ್ಪನ ತೊಡೆಯಲ್ಲಿ ನಲವತ್ತು ವರ್ಷದಿಂದ ಎರಡಿವೆ. ಸೀಸದ್ದೋ ಉಕ್ಕಿನದ್ದೋ ಅವರಿಗೇ ಗೊತ್ತಿಲ್ಲ. ತಾವಾಗಿ ಹೇಳೋದೂ ಇಲ್ಲ, ಯಾಕಂದರೆ ಅವತ್ತು ಬೇಟೆಯಲ್ಲಿ ಹಂದಿ ಬಿಟ್ಟು ಅವರಿಗೆ ಹೊಡೆದದ್ದು ಸ್ವಂತ ಭಾವ.

ಜೇನು ಕಳಿಸಿದ್ದೀನಿ. ಬಾಟಲಿ ಸೋರಿದ್ದರೆ ಬೈಬೇಡ.

ನಿನ್ನ ಅವ್ವ