ಕಾಸರಗೋಡಿನ ಗೆಳೆಯನಿಗೆ, ಮುಲುಂಡಿನಿಂದ

ಮಾರಾಯಾ,

ಫೋನ್ ಎತ್ತಲಿಲ್ಲ ಅಂತ ಸಿಟ್ಟು ಮಾಡ್ಬೇಡ, ಪತ್ರ ಬರೀತಿದ್ದೇನೆ, ಅದೂ ಎಲ್ರಿಗೂ ಕಾಣೋ ಹಾಗೆ, ಯಾಕಂದ್ರೆ ನಿನಗೊಬ್ಬನಿಗೇ ಬರೆದ್ರೆ ನೀನು ಓದೋದಿಲ್ಲ, ನಾಲ್ಕು ಜನ ಲೈಕ್ ಒತ್ತಿದ ಮೇಲೆ ಓದ್ತೀಯ. ಹಲಸಿನ ಹಪ್ಪಳದ ವಿಷಯ ಇಲ್ಲಿ ಎತ್ತೋದಿಲ್ಲ, ಹೆದರ್ಬೇಡ.

ಜನವರಿ 26ಕ್ಕೆ ನಮ್ಮ ಸೊಸೈಟಿಯಲ್ಲಿ ಧ್ವಜ ಹಾರಿಸಿ ಭಾಷಣ ಬಿಗಿದೆ. ವಿಷಯ ನಿಮ್ಮ ಎಡನೀರು ಮಠ! ಮರಾಠಿ ಗುಜರಾತಿ ನೆರೆಯವರಿಗೆಲ್ಲ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ, ಯಕ್ಷಗಾನದ ಹುಚ್ಚಿದ್ದ ಒಬ್ಬ ಸ್ವಾಮೀಜಿ ಮಠದ ಜಮೀನು ಹೋಗ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, ನಮ್ಮ ಮುಂಬಯಿಯ ನಾನಿ ಪಾಲ್ಖಿವಾಲಾ ವಾದ ಮಾಡಿದ್ರು, 68 ದಿನ ವಿಚಾರಣೆ, 13 ಜಡ್ಜುಗಳು, 1973ರ ಏಪ್ರಿಲ್ 24ಕ್ಕೆ 7-6ರಲ್ಲಿ ತೀರ್ಪು: ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಅದರ ಮೂಲರಚನೆ, ಅಂದ್ರೆ ಸಂವಿಧಾನ ನಿಂತಿರೋ ಬುನಾದಿ, ಮುಟ್ಟೋ ಹಾಗಿಲ್ಲ. ಒಂದು ತಲೆ ಆಚೆ ಹೋಗಿದ್ರೆ ಕತೆಯೇ ಬೇರೆ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರನ್ನೂ ಎಳೆದು ತಂದೆ, 1989ರಲ್ಲಿ ಅವರ ಸರಕಾರ ವಜಾ, 1994ರಲ್ಲಿ 9 ಜಡ್ಜುಗಳು ಹೇಳಿದ್ದು ಬಹುಮತದ ಲೆಕ್ಕ ರಾಜಭವನದಲ್ಲಲ್ಲ ಸದನದಲ್ಲಿ ಅಂತ. ಎರಡೂ ನಮ್ಮವರದ್ದೇ ಕೇಸು ಅಂತ ಎದೆ ಉಬ್ಬಿಸಿದೆ. ಚಪ್ಪಾಳೆ, ಜಿಲೇಬಿ.

ಅಲ್ಲಿಗೆ ನಿಲ್ಲಿಸ್ಬೇಕಿತ್ತು. ಮಿಂಚೋಕೆ ಹೋಗಿ 1975ಕ್ಕೆ ಕೈ ಹಾಕಿದೆ. ಅಲಹಾಬಾದ್ ಹೈಕೋರ್ಟು ಇಂದಿರಾ ಆಯ್ಕೆಯನ್ನು ರದ್ದು ಮಾಡಿದ ಎರಡೇ ತಿಂಗಳಲ್ಲಿ 39ನೇ ತಿದ್ದುಪಡಿ ಬಂತು, ಪ್ರಧಾನಿಯ ಚುನಾವಣೆಯನ್ನು ಕೋರ್ಟು ಕೇಳೋ ಹಾಗೇ ಇಲ್ಲ ಅಂತ. ನವೆಂಬರಲ್ಲಿ ಸುಪ್ರೀಂ ಕೋರ್ಟು ಎಡನೀರಿನ ತೀರ್ಪನ್ನೇ ಹಿಡಿದು ಆ ಸಾಲು ಹೊಡೆದು ಹಾಕಿತು. ಸೀಟು ಮಾತ್ರ ಉಳೀತು, ಯಾಕಂದ್ರೆ ಚುನಾವಣಾ ಕಾಯ್ದೆಯನ್ನೇ ಹಿಂದಿನ ತಾರೀಕಿಂದ ತಿದ್ದಿ ಆಗಿತ್ತು.

ಇದನ್ನು ಹೇಳ್ತಾ ಇರುವಾಗ ನಾಲಗೆ ತಡವರಿಸಿತು ಮಾರಾಯಾ. ನಮ್ಮ ಸೊಸೈಟಿ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲು ಉಂಟು: ಲಿಫ್ಟಿನ ವಿಷಯದಲ್ಲಿ ಸೆಕ್ರೆಟರಿಯ ತೀರ್ಮಾನವೇ ಅಂತಿಮ. ಸೆಕ್ರೆಟರಿ ನಾನು. 41ರಲ್ಲಿ 38 ಕೈ ಎದ್ದಿತ್ತು, ಪಕ್ಕಾ ಪ್ರಜಾಪ್ರಭುತ್ವ.

ನಿಯಮ ಏನಂದ್ರೆ ಮನೆಕೆಲಸದವರು, ಡೆಲಿವರಿ ಹುಡುಗರು ಸರ್ವಿಸ್ ಲಿಫ್ಟಿನಲ್ಲೇ ಹೋಗ್ಬೇಕು. ಮಳೆಗಾಲದಲ್ಲಿ ಅದು ಮೂರು ವಾರ ಕೆಟ್ಟು ಕೂತಿತ್ತು. ಆರನೇ ಮಾಳಿಗೆಗೆ ಕೆಲಸಕ್ಕೆ ಬರೋ ಒಬ್ಬಳು ಹೆಂಗಸು, ಮೊಣಕಾಲು ನೋವು, ದೊಡ್ಡ ಲಿಫ್ಟು ಹತ್ತಿದಳು. ನಾನು 500 ರೂಪಾಯಿ ದಂಡ ಹಾಕಿದೆ, ಮನೆಯವರು ಅವಳ ಪಗಾರದಲ್ಲಿ ಹಿಡಿದ್ರು. ನನ್ನ ಹತ್ರ ಬಂದ್ಲು. ಸಿಂದಗಿ ಕಡೆಯವಳು. "ಯಪ್ಪಾ, ಬರದಾಂವನೂ ನೀನ, ದಂಡ ಹಾಕಿದಾಂವನೂ ನೀನ, ನಾ ಯಾರ ಮುಂದ ಹೇಳ್ಲಿ?"

ಇಷ್ಟೇ ಹೇಳಿ ನಿಲ್ಲಿಸೋಣ ಅಂತಿದ್ದೆ. ಆದ್ರೆ ಇನ್ನೊಂದುಂಟು. ನಾನು ಕನ್ನಡ ಅರ್ಥ ಆಗದವನ ಹಾಗೆ ನಿಂತೆ. ಹಿಂದಿಯಲ್ಲಿ ಹೇಳಿದೆ, "ಊಪರ್ ಸೇ ಆರ್ಡರ್ ಹೈ." ನನ್ನ ಮೇಲೆ ಇರೋದು ನೀರಿನ ಟಾಂಕಿ ಮಾತ್ರ. ಅಪ್ಪ ಫೋರ್ಟಿನ ಹೋಟೆಲಲ್ಲಿ ಗ್ಲಾಸು ತೊಳೆದು ಕನ್ನಡ ರಾತ್ರಿಶಾಲೆಗೆ ಹೋಗ್ತಿದ್ದ ಕತೆ ನಿನಗೆ ಗೊತ್ತಲ್ಲ, ಅವರನ್ನೂ ಹಿಂಬಾಗಿಲಿಂದಲೇ ಬಿಡ್ತಿದ್ರಂತೆ. ಅವಳು ನನ್ನ ಮುಖ ನೋಡಿದ್ಲು, ನಂಬಿದ್ಲೋ ಇಲ್ವೋ, ಮೆಟ್ಟಿಲು ಹತ್ತಿ ಹೋದ್ಲು.

ಹೋಗ್ಲಿ ಬಿಡು, ಜಿಲೇಬಿ ಹೆಚ್ಚಾಗಿ ಪಿತ್ತ ಕೆರಳಿರ್ಬೇಕು. ಆ 500 ವಾಪಸ್ ಕೊಡೋಣ ಅಂತ ಹೊರಟೆ, ಅದಕ್ಕೆ ಖಜಾಂಚಿ ಸಹಿ ಬೇಕು. ಸದ್ಯಕ್ಕೆ ಹಂಗಾಮಿ ಖಜಾಂಚಿ ಯಾರು ಅಂತ ಮಾತ್ರ ಕೇಳ್ಬೇಡ.

ನಿನ್ನ,
ಛತ್ರಿ ಕಳಕೊಂಡವ